ಎಕೋದಲ್ಲಿ ‘ಪಂಪಿಂಗ್ ಕಮ್ಮಿ’ ಅಂತ ಬಂದರೆ: ವರದಿ ಓದುವುದರಿಂದ ಮರುಪರೀಕ್ಷೆಯವರೆಗೆ

“ಪಂಪಿಂಗ್ 35 ಇದೆಯಂತೆ.” ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡಿಸಿಕೊಂಡು ಬಂದವರ ಮನೆಯಲ್ಲಿ ಈ ಒಂದು ಮಾತು ಎಲ್ಲರ ನಿದ್ದೆ ಕೆಡಿಸುತ್ತದೆ. ನೂರರಲ್ಲಿ 35 ಮಾತ್ರ ಉಳಿದಿದೆ, ಮಿಕ್ಕಿದ್ದೆಲ್ಲ ಹೋಯಿತು ಅಂತ ಲೆಕ್ಕ ಹಾಕಿ ಕೂರುತ್ತಾರೆ. ಆ ಲೆಕ್ಕವೇ ತಪ್ಪು. ಡಾಕ್ಟರ್ ಹತ್ತಿರ ಐದು ನಿಮಿಷ ಸಿಕ್ಕರೆ ಹೆಚ್ಚು, ಅಷ್ಟರಲ್ಲಿ ಏನು ಕೇಳಬೇಕು ಅಂತಲೇ ತೋಚುವುದಿಲ್ಲ. ಮನೆಗೆ ಬಂದ ಮೇಲೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇಲ್ಲಿ ವರದಿಯನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಓದೋಣ. ಮುಖ್ಯವಾದ ಪ್ರಶ್ನೆಗಳು ಮೂರೇ. ಪಂಪಿಂಗ್ ಯಾಕೆ ಇಳಿಯಿತು? ಬೇಕಾದ ಔಷಧ ಎಲ್ಲ ಶುರುವಾಗಿದೆಯಾ, ಸಾಕಷ್ಟು ಡೋಸಿಗೆ ಯಾವಾಗ ಹೋಗುತ್ತದೆ? ಮತ್ತೆ ಎಕೋ ಯಾವಾಗ? ಇವಕ್ಕೆ ಉತ್ತರ ಸಿಕ್ಕರೆ ಆ ಸಂಖ್ಯೆಯ ಭಯ ಅರ್ಧ ಇಳಿಯುತ್ತದೆ.

ಹೆಜ್ಜೆ 1: ಇದು ಇವತ್ತೇ ಆಸ್ಪತ್ರೆಗೆ ಓಡುವ ವಿಷಯವಾ ನೋಡಿ

ವರದಿ ಓದುವ ಮೊದಲು ಮನುಷ್ಯನನ್ನು ನೋಡಿ. ಎದೆಯಲ್ಲಿ ಬಿಗಿತ ಅಥವಾ ನೋವು ಇದೆಯಾ? ಸುಮ್ನೆ ಕೂತಿದ್ದರೂ ಏದುಸಿರಾ? ಅಂಗಾತ ಮಲಗಲು ಆಗದೆ ರಾತ್ರಿಯಿಡೀ ಕೂತೇ ಇದ್ದಾರಾ? ಕೆಮ್ಮಿದರೆ ನೊರೆ ನೊರೆ ಕಫ ಬರುತ್ತಿದೆಯಾ? ತಲೆ ಸುತ್ತಿ ಬಿದ್ದರಾ, ಪ್ರಜ್ಞೆ ತಪ್ಪಿತಾ? ಬಾಯಿ ಸೊಟ್ಟಗಾಗಿದೆಯಾ, ಕೈ ಕಾಲು ಒಂದು ಕಡೆ ಬಲ ಕಳೆದುಕೊಂಡಿದೆಯಾ? ಇದರಲ್ಲಿ ಒಂದಿದ್ದರೂ ಓದುವುದನ್ನು ಇಲ್ಲಿಗೇ ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ.

ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೃದಯಾಘಾತ ಅಂತ ಖಾತ್ರಿಯಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಎದೆನೋವು ಬಂದಾಗ ದೂರದ ನಗರಕ್ಕೆ ಹೊರಡುವ ಬದಲು ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ. ಒಂದೊಂದು ಗಂಟೆ ತಡವಾದಷ್ಟೂ ಸಾಯುವ ಸ್ನಾಯು ಜಾಸ್ತಿ, ಮುಂದೆ ಇಳಿಯುವ ಪಂಪಿಂಗೂ ಜಾಸ್ತಿ.

ಈ ಯಾವ ಲಕ್ಷಣವೂ ಇಲ್ಲ, ತಪಾಸಣೆಗೆ ಅಂತ ಮಾಡಿಸಿದ ಎಕೋದಲ್ಲಿ ಕಂಡಿತು ಅಂದರೆ ಸಮಾಧಾನವಾಗಿ ಮುಂದೆ ಓದಿ. ಆದರೆ ಕಾರ್ಡಿಯಾಲಜಿಸ್ಟ್ ಭೇಟಿಯನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ಶೇ 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದೇ ವಾರ ತೋರಿಸುವುದು ಒಳ್ಳೆಯದು.

ಹೆಜ್ಜೆ 2: ಆ ಸಂಖ್ಯೆ ಏನು ಹೇಳುತ್ತದೆ

ಜನ ಪಂಪಿಂಗ್ ಅನ್ನುವುದು ವರದಿಯಲ್ಲಿ ಇಎಫ್ ಅಥವಾ ಎಲ್‌ವಿಇಎಫ್ ಅಂತ ಇರುತ್ತದೆ. ಪೂರ್ತಿ ಹೆಸರು ಎಜೆಕ್ಷನ್ ಫ್ರ್ಯಾಕ್ಷನ್. ಹೃದಯದ ಎಡ ಕೆಳಗಿನ ಕೋಣೆ, ಅಂದರೆ ಎಲ್‌ವಿ, ರಕ್ತ ತುಂಬಿಕೊಂಡು ಹಿಗ್ಗುತ್ತದೆ, ಆಮೇಲೆ ಕುಗ್ಗಿ ಮೈಗೆಲ್ಲ ತಳ್ಳುತ್ತದೆ. ತುಂಬಿದ್ದರಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವುದೇ ಇಎಫ್. ಕೋಣೆಯಲ್ಲಿ 120 ಮಿಲಿ ಲೀಟರ್ ತುಂಬಿ 70 ಮಿಲಿ ಲೀಟರ್ ಹೊರಗೆ ಹೋದರೆ ಇಎಫ್ ಸುಮಾರು ಶೇ 58. ಇದು ಪೂರ್ತಿ ಆರೋಗ್ಯವಂತ ಹೃದಯ.

ಅಂದರೆ ಯಾರ ಹೃದಯವೂ ನೂರಕ್ಕೆ ನೂರು ಖಾಲಿ ಆಗುವುದಿಲ್ಲ. ಗಂಡಸರಲ್ಲಿ ಶೇ 52ರಿಂದ 72, ಹೆಂಗಸರಲ್ಲಿ ಶೇ 54ರಿಂದ 74 ಸಾಮಾನ್ಯ ಮಟ್ಟ. 35 ಅಂತ ಬಂದರೆ ಅದನ್ನು ಹೋಲಿಸಬೇಕಾದ್ದು 60ರ ಜೊತೆ, 100ರ ಜೊತೆ ಅಲ್ಲ. ಕಡಿಮೆಯಾಗಿರುವುದು ನಿಜ. ಮನೆಯವರು ಅಂದುಕೊಂಡಷ್ಟು ಅಲ್ಲ, ಅಷ್ಟೇ.

ಹೃದಯ ವೈಫಲ್ಯದ ಲಕ್ಷಣ ಇರುವವರಲ್ಲಿ ಡಾಕ್ಟರುಗಳು ಹೀಗೆ ಗುಂಪು ಮಾಡುತ್ತಾರೆ: ಶೇ 40 ಮತ್ತು ಕೆಳಗೆ ಇದ್ದರೆ ಪಂಪಿಂಗ್ ತಗ್ಗಿದ ಗುಂಪು. 41ರಿಂದ 49 ಸ್ವಲ್ಪ ತಗ್ಗಿದ ಗುಂಪು. 50 ಮತ್ತು ಮೇಲೆ ಇದ್ದೂ ಹೃದಯ ವೈಫಲ್ಯ ಇರಬಹುದು, ಅಲ್ಲಿ ಹೃದಯ ಕುಗ್ಗುವುದು ಸರಿಯಿದ್ದರೂ ಹಿಗ್ಗಿ ರಕ್ತ ತುಂಬಿಕೊಳ್ಳುವುದು ಕಷ್ಟವಾಗಿರುತ್ತದೆ. ‘ಪಂಪಿಂಗ್ 60 ಇದೆ, ಏನೂ ತೊಂದರೆ ಇಲ್ಲ’ ಅಂತ ಏದುಸಿರನ್ನು ಕಡೆಗಣಿಸಬಾರದು ಅನ್ನುವುದು ಇದಕ್ಕೇ.

‘ಹಾರ್ಟ್ ಫೇಲ್ಯೂರ್’ ಅಂದ ತಕ್ಷಣ ಹೃದಯ ನಿಂತೇ ಹೋಗುತ್ತದೆ ಅಂದುಕೊಳ್ಳುವವರು ಬಹಳ. ಮೈಗೆ ಬೇಕಾದಷ್ಟು ರಕ್ತವನ್ನು ಹೃದಯ ಸರಾಗವಾಗಿ ತಳ್ಳಲು ಆಗದೆ ಏದುಸಿರು, ಊತ, ಸುಸ್ತು ಬಂದ ಸ್ಥಿತಿಗೆ ಆ ಹೆಸರು. ಹೃದಯಾಘಾತ ಬೇರೆ, ಹೃದಯ ನಿಲ್ಲುವುದು ಬೇರೆ.

ಹೆಜ್ಜೆ 3: ಹೇಗೆ ಅಳೆದರು ಅಂತ ಕೇಳಿ

ತೂಕದ ಯಂತ್ರದ ಹಾಗೆ ಎಕೋ ಒಂದು ಸಂಖ್ಯೆಯನ್ನು ಸುಮ್ನೆ ಉಗುಳುವುದಿಲ್ಲ. ಪರದೆಯ ಮೇಲೆ ಬಡಿಯುವ ಹೃದಯವನ್ನು ನೋಡುತ್ತಾ ಒಬ್ಬರು ಗೆರೆ ಎಳೆದು ಅಳೆಯುತ್ತಾರೆ. ಒಂದೇ ರೋಗಿಯನ್ನು ಇಬ್ಬರು ಅಳೆದರೆ 5ರಿಂದ 10 ಅಂಶ ಹೆಚ್ಚು ಕಡಿಮೆ ಬರುವುದು ಮಾಮೂಲಿ. ಹೋದ ತಿಂಗಳು 40, ಈ ತಿಂಗಳು 36 ಅಂತ ಅಳುತ್ತಾ ಕೂರುವ ಮೊದಲು ಇದು ನೆನಪಿರಲಿ. ಹಾಗೆಯೇ 35 ಇದ್ದದ್ದು ಹದಿನೈದು ದಿನಕ್ಕೆ 38 ಆಯಿತು ಅಂತ ಹಬ್ಬ ಮಾಡುವ ಹಾಗೂ ಇಲ್ಲ.

ಅಳೆಯುವ ದಾರಿ ಹಲವು. ಅನುಭವಿ ಡಾಕ್ಟರ್ ಕಣ್ಣಳತೆಯಲ್ಲೇ ಹೇಳುತ್ತಾರೆ. ಒಂದೇ ಗೆರೆಯ ಅಗಲದಿಂದ ಇಡೀ ಕೋಣೆಯ ಗಾತ್ರ ಲೆಕ್ಕ ಹಾಕುವುದು ಎಂ-ಮೋಡ್ ವಿಧಾನ, ಅದರ ಸೂತ್ರಕ್ಕೆ ಟೈಕ್‌ಹೋಲ್ಜ್ ಅನ್ನುತ್ತಾರೆ. ಹೃದಯಾಘಾತ ಆಗಿ ಒಂದು ಗೋಡೆ ಮಾತ್ರ ಕೆಟ್ಟಿದ್ದರೆ ಈ ಲೆಕ್ಕ ದಾರಿ ತಪ್ಪಿಸುತ್ತದೆ, ಏಕೆಂದರೆ ಗೆರೆ ಹಾದುಹೋದ ಜಾಗ ಚೆನ್ನಾಗಿ ಕುಗ್ಗುತ್ತಿರಬಹುದು. ಎರಡು ಕೋನದಿಂದ ಕೋಣೆಯ ಅಂಚನ್ನು ಪೂರ್ತಿ ಗುರುತಿಸಿ ಲೆಕ್ಕ ಹಾಕುವ ಬೈಪ್ಲೇನ್ ಸಿಂಪ್ಸನ್ ವಿಧಾನ ಇದಕ್ಕಿಂತ ನಂಬಿಕಸ್ಥ. ಚಿತ್ರ ಮಸುಕಾಗಿದ್ದರೆ ಅಥವಾ ಅನುಮಾನ ಉಳಿದರೆ ಹೃದಯದ ಎಂಆರ್‌ಐ ಮಾಡಿಸುತ್ತಾರೆ, ಗಾತ್ರ ಅಳೆಯುವುದರಲ್ಲಿ ಅದೇ ಎಲ್ಲಕ್ಕಿಂತ ನಿಖರ.

ಅಳೆದ ಹೊತ್ತಿನ ಪರಿಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಆಗ ನಾಡಿ 130 ಇತ್ತಾ? ಬಿಪಿ ತೀರಾ ಏರಿತ್ತಾ? ಬಡಿತ ಅಡ್ಡಾದಿಡ್ಡಿ ಇತ್ತಾ? ಐಸಿಯುನಲ್ಲಿ ಜೋರು ಸೋಂಕಿನ ನಡುವೆ ಮಾಡಿದ್ದಾ? ಹೃದಯಾಘಾತವಾದ ದಿನವೇ ಮಾಡಿದ ಎಕೋ ಕಡಿಮೆ ತೋರಿಸುವುದು ಸಾಮಾನ್ಯ. ರಕ್ತ ಮತ್ತೆ ಹರಿಯಲು ಶುರುವಾದರೂ ಬದುಕಿರುವ ಸ್ನಾಯು ಕೆಲವು ದಿನ, ಕೆಲವು ವಾರ ಮಂಕಾಗಿಯೇ ಇರುತ್ತದೆ, ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಆಸ್ಪತ್ರೆ ಬೆಡ್ಡಿನ ಪಕ್ಕ ಬಂದ 38 ಕೊನೆಯ ಮಾತಲ್ಲ.

ಹೆಜ್ಜೆ 4: ಉಳಿದ ಸಾಲುಗಳನ್ನು ಓದಿ

ಜನ ಇಎಫ್ ಒಂದನ್ನೇ ನೋಡಿ ಕಾಗದ ಮಡಿಚಿಡುತ್ತಾರೆ. ಅಸಲು ಸಂಗತಿ ಇರುವುದು ಅದರ ಸುತ್ತ. ಉದಾಹರಣೆಗೆ ಇಂಥ ಒಂದು ವರದಿ ಇಟ್ಟುಕೊಳ್ಳೋಣ:

ಎಲ್‌ವಿಐಡಿ-ಡಿ 6.2 ಸೆಂ.ಮೀ. ಎಲ್‌ವಿಐಡಿ-ಎಸ್ 5.1 ಸೆಂ.ಮೀ. ಎಲ್‌ವಿಇಎಫ್ ಶೇ 34. ಆರ್‌ಡಬ್ಲ್ಯೂಎಂಎ ಪ್ರೆಸೆಂಟ್: ಆಂಟೀರಿಯರ್ ವಾಲ್, ಏಪೆಕ್ಸ್ ಅಕೈನೆಟಿಕ್. ಮಾಡರೇಟ್ ಎಂಆರ್. ಗ್ರೇಡ್ 2 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್. ಪಿಎಎಸ್‌ಪಿ 42. ಟಿಎಪಿಎಸ್‌ಇ 18 ಮಿ.ಮೀ. ನೋ ಕ್ಲಾಟ್. ನೋ ಪಿಇ.

ಮೊದಲ ಎರಡು ಅಂಕಿ ಎಡ ಕೋಣೆಯ ಅಗಲ. ಹಿಗ್ಗಿದಾಗ 6.2, ಕುಗ್ಗಿದಾಗ 5.1. ಗಂಡಸರಲ್ಲಿ ಹಿಗ್ಗಿದ ಅಗಲ ಸುಮಾರು 5.8ರೊಳಗೆ, ಹೆಂಗಸರಲ್ಲಿ 5.2ರೊಳಗೆ ಇರಬೇಕು. ಇಲ್ಲಿ ಕೋಣೆ ದೊಡ್ಡದಾಗಿದೆ. ಸಾಮಾನ್ಯವಾಗಿ ಇದರರ್ಥ ತೊಂದರೆ ನಿನ್ನೆ ಮೊನ್ನೆಯದಲ್ಲ, ಹೃದಯ ಸ್ವಲ್ಪ ಕಾಲದಿಂದ ಹೊರೆ ಹೊತ್ತು ಹಿಗ್ಗಿದೆ. ಇಎಫ್ ಕಡಿಮೆ ಇದ್ದೂ ಕೋಣೆಯ ಗಾತ್ರ ಸರಿಯಾಗಿದ್ದರೆ ಚೇತರಿಕೆಯ ಆಸೆ ಹೆಚ್ಚು.

ಆರ್‌ಡಬ್ಲ್ಯೂಎಂಎ ಅಂದರೆ ಹೃದಯದ ಗೋಡೆಯ ಒಂದು ಭಾಗ ಮಾತ್ರ ಸರಿಯಾಗಿ ಕದಲುತ್ತಿಲ್ಲ. ನನ್ನ ಪ್ರಕಾರ ಇಡೀ ವರದಿಯಲ್ಲಿ ಇಎಫ್‌ಗಿಂತ ಹೆಚ್ಚು ಮಾತಾಡುವ ಸಾಲು ಇದೇ. ಹೈಪೋಕೈನೆಟಿಕ್ ಅಂದರೆ ಕದಲಿಕೆ ಕಮ್ಮಿ, ಅಕೈನೆಟಿಕ್ ಅಂದರೆ ಕದಲುವುದೇ ಇಲ್ಲ, ಡಿಸ್‌ಕೈನೆಟಿಕ್ ಅಂದರೆ ಒಳಗೆ ಕುಗ್ಗಬೇಕಾದಾಗ ಹೊರಗೆ ಉಬ್ಬುತ್ತದೆ. ಇಲ್ಲಿ ಮುಂದಿನ ಗೋಡೆ ಮತ್ತು ತುದಿ ಎರಡೂ ನಿಂತಿವೆ. ಈ ಜಾಗಕ್ಕೆ ರಕ್ತ ಕೊಡುವುದು ಎಲ್‌ಎಡಿ ಎಂಬ ರಕ್ತನಾಳ. ಹಾಗಾಗಿ ಡಾಕ್ಟರ್ ಮನಸ್ಸು ನೇರವಾಗಿ ಆ ನಾಳದ ಬ್ಲಾಕ್ ಕಡೆ ಹೋಗುತ್ತದೆ, ಎದೆನೋವು ಬಂದ ನೆನಪೇ ಇಲ್ಲದಿದ್ದರೂ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವಿಲ್ಲದೆ ಹೃದಯಾಘಾತ ಆಗಿಹೋಗಿರುವುದು ಉಂಟು, ‘ಗ್ಯಾಸ್ ಆಗಿತ್ತು’ ಅಂತ ಮಲಗಿ ಎದ್ದಿರುತ್ತಾರೆ. ಇದರ ಬದಲು ‘ಗ್ಲೋಬಲ್ ಹೈಪೋಕೈನೇಶಿಯ’ ಅಂತ ಬರೆದಿದ್ದರೆ ಎಲ್ಲ ಗೋಡೆಯೂ ಒಂದೇ ರೀತಿ ದುರ್ಬಲವಾಗಿದೆ ಅಂತ ಅರ್ಥ. ಆಗ ಬ್ಲಾಕ್ ಜೊತೆಗೆ ಬೇರೆ ಕಾರಣಗಳನ್ನೂ ಹುಡುಕಬೇಕು.

ಎಂಆರ್ ಅಂದರೆ ಮೈಟ್ರಲ್ ಕವಾಟದಿಂದ ರಕ್ತ ಹಿಂದಕ್ಕೆ ಸೋರುತ್ತಿದೆ. ಕೋಣೆ ಹಿಗ್ಗಿದಾಗ ಕವಾಟದ ಎಲೆಗಳು ಪೂರ್ತಿ ಮುಚ್ಚಲು ಆಗದೆ ಸೋರಿಕೆ ಶುರುವಾಗುತ್ತದೆ. ಸೋರಿಕೆ ತೀವ್ರವಾಗಿದ್ದರೆ ಇನ್ನೊಂದು ಗೋಜು: ಹಿಂದಕ್ಕೆ ಹೋದ ರಕ್ತವೂ ‘ಹೊರಗೆ ಹೋದ’ ಲೆಕ್ಕಕ್ಕೆ ಸೇರಿ ಇಎಫ್ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ.

ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಅಂದರೆ ಹಿಗ್ಗುವುದರಲ್ಲಿ ಬಿಗಿತ. ಗ್ರೇಡ್ 1 ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ ತುಂಬಾ ಸಾಮಾನ್ಯ, ಅದೊಂದನ್ನೇ ನೋಡಿ ಹೆದರಬೇಕಿಲ್ಲ. ಗ್ರೇಡ್ 2, 3 ಅಂದರೆ ಒಳಗಿನ ಒತ್ತಡ ಏರಿದೆ. ಪಿಎಎಸ್‌ಪಿ ಶ್ವಾಸಕೋಶದ ಕಡೆಯ ರಕ್ತದೊತ್ತಡದ ಅಂದಾಜು, 42 ಸ್ವಲ್ಪ ಜಾಸ್ತಿ. ಟಿಎಪಿಎಸ್‌ಇ ಬಲ ಕೋಣೆಯ ಶಕ್ತಿ, 17ಕ್ಕಿಂತ ಮೇಲಿದ್ದರೆ ಒಳ್ಳೆಯದು. ಪಿಇ ಅಂದರೆ ಹೃದಯದ ಸುತ್ತ ನೀರು.

‘ನೋ ಕ್ಲಾಟ್’ ಅನ್ನುವ ಪುಟ್ಟ ಸಾಲನ್ನು ತಪ್ಪದೇ ಹುಡುಕಿ. ತುದಿ ಕದಲದೆ ನಿಂತರೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಹಾರಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಕ್ಲಾಟ್ ಇದೆ ಅಂತ ಬರೆದಿದ್ದರೆ ರಕ್ತ ತೆಳುವಾಗಿಸುವ ಔಷಧ ಕೂಡಲೇ ಬೇಕು. ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಹೆಜ್ಜೆ 5: ‘ಯಾಕೆ’ ಅನ್ನುವುದಕ್ಕೆ ಉತ್ತರ ಸಿಗುವವರೆಗೆ ಬಿಡಬೇಡಿ

‘ಹಾರ್ಟ್ ವೀಕ್ ಆಗಿದೆ, ಮಾತ್ರೆ ತಗೊಳ್ಳಿ’ ಅನ್ನುವುದು ಉತ್ತರವಲ್ಲ. ಪಂಪಿಂಗ್ ಇಳಿದಿರುವುದು ಒಂದು ಲಕ್ಷಣ, ರೋಗ ಬೇರೆ ಇರುತ್ತದೆ. ಕೆಲವು ಕಾರಣಗಳನ್ನು ಸರಿಪಡಿಸಿದರೆ ಹೃದಯ ಪೂರ್ತಿ ಮೊದಲಿನಂತಾಗುತ್ತದೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುವುದು.

ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ನೋಡುವ ಕಾರಣ ರಕ್ತನಾಳದ ಬ್ಲಾಕ್. ಅದಕ್ಕೆ ಆಂಜಿಯೋಗ್ರಾಂ. ಮಣಿಕಟ್ಟು ಅಥವಾ ತೊಡೆಯ ನಾಳದಿಂದ ಮಾಡುವುದು ಒಂದು, ಸಿಟಿ ಸ್ಕ್ಯಾನಿನಲ್ಲಿ ಮಾಡುವುದು ಇನ್ನೊಂದು. ಯಾವುದು ಬೇಕು ಅನ್ನುವುದು ವಯಸ್ಸು, ಕಿಡ್ನಿ, ಅನುಮಾನ ಎಷ್ಟು ಬಲವಾಗಿದೆ ಅನ್ನುವುದರ ಮೇಲೆ. ಬ್ಲಾಕ್ ಸಿಕ್ಕಿದ ತಕ್ಷಣ ಸ್ಟೆಂಟ್ ಹಾಕಿದರೆ ಪಂಪಿಂಗ್ ಏರೇಬಿಡುತ್ತದೆ ಅಂತಲೂ ಇಲ್ಲ. ಆ ಜಾಗದ ಸ್ನಾಯು ಬದುಕಿದೆಯಾ, ಗಾಯದ ಕಲೆಯಾಗಿ ಗಟ್ಟಿಯಾಗಿದೆಯಾ ಅನ್ನುವುದು ಮುಖ್ಯ. ‘ಈ ಸ್ಟೆಂಟ್ ಎದೆನೋವಿಗಾ, ಪಂಪಿಂಗ್‌ಗಾ? ಅಲ್ಲಿನ ಸ್ನಾಯು ಬದುಕಿದೆಯಾ?’ ಅಂತ ಡಾಕ್ಟರನ್ನು ಕೇಳಲು ಸಂಕೋಚ ಬೇಡ.

ಬಹಳ ವರ್ಷ ಹಿಡಿತಕ್ಕೆ ಸಿಗದ ಬಿಪಿ ಇನ್ನೊಂದು ಕಾರಣ. ಕುಡಿತ ಮತ್ತೊಂದು. ಮನೆಯವರ ಮುಂದೆ ಹೇಳಲು ಮುಜುಗರವಾದರೆ ಡಾಕ್ಟರ್ ಹತ್ತಿರ ಒಬ್ಬರೇ ಹೋಗಿ ಹೇಳಿ. ಕುಡಿತದಿಂದಲೇ ಹೃದಯ ಸೋತಿದ್ದರೆ ಪೂರ್ತಿ ಬಿಟ್ಟವರಲ್ಲಿ ಪಂಪಿಂಗ್ ಎಷ್ಟೋ ಸಲ ಚೆನ್ನಾಗಿ ಏರುತ್ತದೆ.

ಜೋರಾದ ನಾಡಿಯನ್ನು ಮರೆಯಬೇಡಿ. ಏಟ್ರಿಯಲ್ ಫಿಬ್ರಿಲೇಶನ್‌ನಂಥ (ಹೃದಯದ ಬಡಿತ ಅಡ್ಡಾದಿಡ್ಡಿಯಾಗುವ) ತೊಂದರೆಯಿಂದ ವಾರಗಟ್ಟಲೆ ಹೃದಯ ವೇಗವಾಗಿ ಓಡಿದರೆ ಅದೇ ಕಾರಣಕ್ಕೆ ಪಂಪಿಂಗ್ ಇಳಿಯುತ್ತದೆ. ಬಡಿತ ಹಿಡಿತಕ್ಕೆ ಬಂದರೆ ತಿಂಗಳುಗಳಲ್ಲಿ ಮೇಲೇಳುತ್ತದೆ. ನಡುನಡುವೆ ಬರುವ ಹೆಚ್ಚುವರಿ ಬಡಿತಗಳು ತುಂಬಾ ಇದ್ದರೂ ಹೀಗೇ. ಇದನ್ನು ಹಿಡಿಯಲು 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಎಂಬ ಪುಟ್ಟ ಯಂತ್ರ ಕಟ್ಟುತ್ತಾರೆ.

ಬಾಣಂತಿಯರ ವಿಷಯಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಗರ್ಭದ ಕೊನೆಯ ತಿಂಗಳಿಂದ ಹೆರಿಗೆಯಾದ ಐದು ತಿಂಗಳೊಳಗೆ ಹೃದಯ ಸೋಲುವ ಒಂದು ಕಾಯಿಲೆ ಇದೆ, ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ. ಏದುಸಿರು, ಕಾಲೂತ, ಸುಸ್ತು ಎಲ್ಲವೂ ‘ಬಾಣಂತನದಲ್ಲಿ ಇದ್ದದ್ದೇ’ ಅಂತ ಅನ್ನಿಸಿ ದಿನ ತಳ್ಳುತ್ತಾರೆ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಬಾಣಂತಿ ಹೇಳಿದರೆ ಅವತ್ತೇ ಎಕೋ ಮಾಡಿಸಿ. ಬೇಗ ಹಿಡಿದರೆ ಬಹಳ ಜನ ಪೂರ್ತಿ ಗುಣವಾಗುತ್ತಾರೆ. ಆದರೆ ಮತ್ತೆ ಗರ್ಭ ಧರಿಸುವ ಮೊದಲು ಕಾರ್ಡಿಯಾಲಜಿಸ್ಟ್ ಮಾತು ಕೇಳಲೇಬೇಕು.

ಉಳಿದವು: ವೈರಸ್ ಸೋಂಕಿನಿಂದ ಹೃದಯದ ಸ್ನಾಯುವಿನ ಉರಿಯೂತ, ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟ, ಥೈರಾಯ್ಡ್, ಡಾಕ್ಸೋರುಬಿಸಿನ್ ಅಥವಾ ಟ್ರಾಸ್ಟುಜುಮಾಬ್‌ನಂಥ ಕ್ಯಾನ್ಸರ್ ಔಷಧ, ವಂಶದಿಂದ ಬಂದ ಕಾರಣ. ಹಿಂದೆ ಕೀಮೋ ತೆಗೆದುಕೊಂಡಿದ್ದರೆ, ಎಷ್ಟೇ ವರ್ಷವಾಗಿರಲಿ, ಹೇಳಿ.

ಜೊತೆಗೆ ಮಾಡಿಸುವ ರಕ್ತಪರೀಕ್ಷೆಗಳು ದುಬಾರಿಯವೇನಲ್ಲ: ಹಿಮೋಗ್ಲೋಬಿನ್, ಕ್ರಿಯಾಟಿನಿನ್ (ಕಿಡ್ನಿಗೆ), ಸೋಡಿಯಂ, ಪೊಟ್ಯಾಶಿಯಂ, ಸಕ್ಕರೆ, ಟಿಎಸ್‌ಎಚ್ (ಥೈರಾಯ್ಡ್‌ಗೆ), ಲಿವರ್, ಫೆರಿಟಿನ್ (ಕಬ್ಬಿಣದ ಅಂಶಕ್ಕೆ). ಎನ್‌ಟಿ-ಪ್ರೊ ಬಿಎನ್‌ಪಿ ಅನ್ನುವ ಪರೀಕ್ಷೆ ಸ್ವಲ್ಪ ದುಬಾರಿ. ಹೃದಯದ ಮೇಲೆ ಒತ್ತಡ ಎಷ್ಟಿದೆ ಅಂತ ಅದು ಹೇಳುತ್ತದೆ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಇಂಥ ರೋಗಿಗಳಲ್ಲಿ ಮಾತ್ರೆಗಿಂತ ಡ್ರಿಪ್ ಮೂಲಕ ಕೊಡುವ ಕಬ್ಬಿಣ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 6: ದೇಹ ಏನು ಹೇಳುತ್ತಿದೆ ಬರೆದಿಡಿ

ಸಂಖ್ಯೆಗೂ ಸುಸ್ತಿಗೂ ನೇರ ಲೆಕ್ಕ ಇಲ್ಲ. 30 ಇದ್ದವರು ಬೆಳಗ್ಗೆ ವಾಕಿಂಗ್ ಹೋಗಿ ಬರುತ್ತಾರೆ, 45 ಇದ್ದವರು ಸ್ನಾನಕ್ಕೆ ಏದುಸಿರು ಬಿಡುತ್ತಾರೆ. ಡಾಕ್ಟರುಗಳು ಇದನ್ನು ನಾಲ್ಕು ದರ್ಜೆ ಮಾಡುತ್ತಾರೆ: ಒಂದರಲ್ಲಿ ಏನೂ ತೊಂದರೆ ಇಲ್ಲ, ನಾಲ್ಕರಲ್ಲಿ ಕೂತಲ್ಲೇ ಏದುಸಿರು. ‘ಸುಸ್ತು ಡಾಕ್ಟ್ರೇ’ ಅನ್ನುವುದಕ್ಕಿಂತ ‘ಹೋದ ತಿಂಗಳು ಎರಡು ಮಹಡಿ ಹತ್ತುತ್ತಿದ್ದೆ, ಈಗ ಒಂದಕ್ಕೇ ನಿಲ್ಲಬೇಕು’, ‘ಒಂದು ದಿಂಬು ಸಾಕಿತ್ತು, ಈಗ ಮೂರು ಬೇಕು’ ಅನ್ನುವುದು ಅವರಿಗೆ ತುಂಬಾ ಉಪಯೋಗ.

ಹೆಜ್ಜೆ 7: ನಾಲ್ಕು ಔಷಧಗಳ ಲೆಕ್ಕ ಇಟ್ಟುಕೊಳ್ಳಿ

ಇಎಫ್ 40 ಅಥವಾ ಕೆಳಗಿದ್ದರೆ ನಾಲ್ಕು ಗುಂಪಿನ ಔಷಧ ಬೇಕು ಅನ್ನುವುದು ಇವತ್ತು ಎಲ್ಲೆಡೆ ಒಪ್ಪಿದ ಮಾತು. ಚೀಟಿ ತೆಗೆದು ನೋಡಿ, ನಾಲ್ಕೂ ಇದೆಯಾ? ಇಲ್ಲದಿದ್ದರೆ ಯಾಕಿಲ್ಲ ಅಂತ ಮರ್ಯಾದೆಯಿಂದಲೇ ಕೇಳಿ. ಕಿಡ್ನಿ, ಬಿಪಿ, ಪೊಟ್ಯಾಶಿಯಂ ಕಾರಣಕ್ಕೆ ಬಿಟ್ಟಿರಬಹುದು, ಆಗ ಅದು ಸರಿಯೇ.

ಮೊದಲನೆಯದು ಸ್ಯಾಕುಬಿಟ್ರಿಲ್-ವಲ್ಸಾರ್ಟಾನ್, ಅಥವಾ ಅದರ ಬದಲು ರಾಮಿಪ್ರಿಲ್, ಎನಾಲಾಪ್ರಿಲ್, ಟೆಲ್ಮಿಸಾರ್ಟಾನ್‌ನಂಥದ್ದು. ರಾಮಿಪ್ರಿಲ್ ಗುಂಪಿನವು ಕೆಲವರಿಗೆ ಒಣಕೆಮ್ಮು ತರುತ್ತವೆ. ರಾಮಿಪ್ರಿಲ್ ನಿಲ್ಲಿಸಿ ಸ್ಯಾಕುಬಿಟ್ರಿಲ್ ಶುರು ಮಾಡುವಾಗ ನಡುವೆ 36 ಗಂಟೆ ಬಿಡಲೇಬೇಕು, ಇಲ್ಲದಿದ್ದರೆ ಮುಖ, ನಾಲಿಗೆ, ಗಂಟಲು ಊದಿಕೊಳ್ಳುವ ಅಪಾಯ ಇದೆ. ಗರ್ಭಿಣಿಯರಿಗೆ ಈ ಗುಂಪು ಬೇಡವೇ ಬೇಡ.

ಎರಡನೆಯದು ಬೀಟಾ ಬ್ಲಾಕರ್: ಕಾರ್ವೆಡಿಲಾಲ್, ಬೈಸೊಪ್ರೊಲಾಲ್, ಮೆಟೊಪ್ರೊಲಾಲ್ ಸಕ್ಸಿನೇಟ್. ‘ಹೃದಯ ಮೊದಲೇ ವೀಕ್, ಬಡಿತ ಕಮ್ಮಿ ಮಾಡುವ ಮಾತ್ರೆ ಯಾಕೆ’ ಅಂತ ಕೇಳುತ್ತಾರೆ. ಸೋತ ಹೃದಯವನ್ನು ಮೈಯೊಳಗಿನ ಅಡ್ರಿನಲಿನ್ ದಣಿದ ಎತ್ತಿಗೆ ಚಾಟಿ ಬೀಸಿದ ಹಾಗೆ ಓಡಿಸುತ್ತಿರುತ್ತದೆ. ಈ ಮಾತ್ರೆ ಆ ಚಾಟಿಯನ್ನು ಕಸಿದುಕೊಳ್ಳುತ್ತದೆ. ಮೊದಲ ಕೆಲವು ವಾರ ಸುಸ್ತು ಹೆಚ್ಚಾದ ಹಾಗೆ ಅನ್ನಿಸಬಹುದು, ಆಮೇಲೆ ಲಾಭ ಕಾಣುತ್ತದೆ. ಒಮ್ಮೆಲೇ ನಿಲ್ಲಿಸುವುದು ಅಪಾಯ.

ಮೂರನೆಯದು ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್. ಶುರು ಮಾಡಿದ ಒಂದೆರಡು ವಾರದಲ್ಲಿ ಪೊಟ್ಯಾಶಿಯಂ, ಕ್ರಿಯಾಟಿನಿನ್ ನೋಡಿಸಬೇಕು. ಸ್ಪೈರೊನೊಲ್ಯಾಕ್ಟೋನ್‌ನಿಂದ ಕೆಲವು ಗಂಡಸರಿಗೆ ಎದೆ ಊದಿ ನೋಯುತ್ತದೆ. ನಾಚಿಕೊಂಡು ಸುಮ್ಮನಿರಬೇಡಿ, ಎಪ್ಲೆರಿನೋನ್‌ಗೆ ಬದಲಾಯಿಸಿದರೆ ಆಯಿತು.

ನಾಲ್ಕನೆಯದು ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಇದು ಸಕ್ಕರೆ ಕಾಯಿಲೆಯ ಮಾತ್ರೆ ಅಂತ ಔಷಧದಂಗಡಿಯಲ್ಲಿ ಹೇಳಿದರೆ ಗಾಬರಿ ಬೇಡ. ಸಕ್ಕರೆ ಇಲ್ಲದವರ ಹೃದಯಕ್ಕೂ ಇದು ಒಳ್ಳೆಯದು. ಗುಪ್ತಾಂಗದಲ್ಲಿ ತುರಿಕೆ, ಫಂಗಸ್ ಬರಬಹುದು, ಸ್ವಚ್ಛತೆ ಮುಖ್ಯ. ವಾಂತಿ ಭೇದಿ ಆದಾಗ, ಆಪರೇಷನ್ ಮೊದಲು, ಏಕಾದಶಿ ಅಥವಾ ರಂಜಾನ್ ಉಪವಾಸದ ಹೊತ್ತಿನಲ್ಲಿ ತೆಗೆದುಕೊಳ್ಳಬೇಕಾ ಅಂತ ಮೊದಲೇ ಕೇಳಿ.

ನೀರು ಇಳಿಸುವ ಫ್ಯೂರೋಸೆಮೈಡ್, ಟಾರ್ಸೆಮೈಡ್ ಇವುಗಳ ಜೊತೆ ಬರುತ್ತವೆ. ಊತ, ಏದುಸಿರಿಗೆ ತಕ್ಷಣ ಆರಾಮ ಕೊಡುವುದು ಇವೇ. ಆದ್ದರಿಂದ ರೋಗಿಗಳು ಇದನ್ನು ಬಿಡದೆ ನುಂಗಿ, ‘ಏನೂ ಗೊತ್ತಾಗಲ್ಲ’ ಅಂತ ಮೇಲಿನ ನಾಲ್ಕನ್ನು ಬಿಡುತ್ತಾರೆ. ಆಯಸ್ಸು ಹೆಚ್ಚಿಸುವುದು ಆ ನಾಲ್ಕು. ಇದನ್ನು ಮನೆಯ ಎಲ್ಲರೂ ತಿಳಿದಿರಬೇಕು.

ಡೋಸ್ ಏರಿಸುವುದು ಅಷ್ಟೇ ಮುಖ್ಯ. ಆಸ್ಪತ್ರೆಯಲ್ಲಿ ಶುರು ಮಾಡಿದ ಚಿಕ್ಕ ಡೋಸಿನಲ್ಲೇ ವರ್ಷಗಟ್ಟಲೆ ಕಳೆಯುವವರು ಎಷ್ಟೋ ಜನ. 2022ರಲ್ಲಿ ಪ್ರಕಟವಾದ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನದಲ್ಲಿ, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರಿಗೆ ಮನೆಗೆ ಹೋದ ಎರಡು ವಾರದೊಳಗೆ, ಪದೇ ಪದೇ ಪರೀಕ್ಷೆ ಮಾಡುತ್ತಾ, ಪೂರ್ಣ ಡೋಸಿಗೆ ಒಯ್ದರು. ಮಾಮೂಲಿ ಚಿಕಿತ್ಸೆಯವರಿಗಿಂತ ಇವರಲ್ಲಿ ಸಾವು ಮತ್ತು ಮತ್ತೆ ಅಡ್ಮಿಟ್ ಆಗುವುದು ಕಡಿಮೆಯಾಯಿತು. ಡಿಸ್ಚಾರ್ಜ್ ಆಗುವಾಗಲೇ ‘ಡೋಸ್ ಏರಿಸಲು ಯಾವತ್ತು ಬರಲಿ’ ಅಂತ ಕೇಳಿ ತಾರೀಖು ಬರೆಸಿಕೊಳ್ಳಿ.

ಬಿಪಿ 100/60 ಬಂತು ಅಂತ ಪಕ್ಕದ ಮನೆಯವರು ಹೆದರಿಸಿದರೆ ಮಾತ್ರೆ ನಿಲ್ಲಿಸಬೇಡಿ. ತಲೆ ಸುತ್ತದಿದ್ದರೆ ಇಂಥ ರೋಗಿಗಳಲ್ಲಿ ಅಷ್ಟು ಬಿಪಿ ಸಾಮಾನ್ಯವಾಗಿ ತೊಂದರೆಯಲ್ಲ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಡಾಕ್ಟರಿಗೆ ಹೇಳಿ.

ಕೇಳದೇ ತೆಗೆದುಕೊಳ್ಳಬಾರದ್ದೂ ಇದೆ. ಮಂಡಿನೋವಿಗೆ ನುಂಗುವ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಮೈಯಲ್ಲಿ ನೀರು ನಿಲ್ಲಿಸಿ ಕಿಡ್ನಿಯನ್ನೂ ಕೆಡಿಸುತ್ತವೆ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಮೇಲು. ಪಯೋಗ್ಲಿಟಜೋನ್ ಅನ್ನುವ ಸಕ್ಕರೆ ಮಾತ್ರೆ, ಡಿಲ್ಟಿಯಜೆಮ್, ವೆರಾಪಮಿಲ್ ಇವರಿಗೆ ಆಗಿಬರುವುದಿಲ್ಲ. ಗ್ಯಾಸ್‌ಗೆ ಅಂತ ನೀರಿಗೆ ಹಾಕಿ ಕುಡಿಯುವ ಸೋಡಾ ಪುಡಿಯಲ್ಲಿ ಸೋಡಿಯಂ ತುಂಬಿರುತ್ತದೆ. ಕೆಮ್ಮಿಗೆ ದಿನವೂ ಜೇಷ್ಠಮಧು ಅಗಿಯುವುದೂ ಬೇಡ, ಅದು ನೀರು ನಿಲ್ಲಿಸಿ ಬಿಪಿ ಏರಿಸುತ್ತದೆ.

ಹೆಜ್ಜೆ 8: ತೂಕದ ಯಂತ್ರ ಮತ್ತು ಉಪ್ಪಿನ ಭರಣಿ

ದಿನವೂ ಬೆಳಗ್ಗೆ ಎದ್ದು ಮೂತ್ರ ಮಾಡಿ, ತಿಂಡಿಗೆ ಮೊದಲು, ಒಂದೇ ರೀತಿಯ ಬಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಊದುವ ಮೊದಲೇ ತೂಕ ಹೇಳಿಬಿಡುತ್ತದೆ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಇಡೀ ದಿನಕ್ಕೆ ಉಪ್ಪು ಐದು ಗ್ರಾಂ ಒಳಗೆ, ಸುಮಾರು ಒಂದು ಸಣ್ಣ ಚಮಚ. ಸಾರು ಹುಳಿಯಲ್ಲಿ ಉಪ್ಪು ಕಮ್ಮಿ ಮಾಡಿ, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು ಇಟ್ಟರೆ ಏನು ಉಪಯೋಗ? ಬೇಕರಿಯ ಖಾರಾ, ಚಿಪ್ಸ್, ಒಣಮೀನು, ಅಂಗಡಿಯ ಸಾಸ್ ಕೂಡ ಲೆಕ್ಕಕ್ಕೆ ಸೇರುತ್ತವೆ. ನಿಂಬೆ, ಕಾಳುಮೆಣಸು, ಜೀರಿಗೆ, ಶುಂಠಿ, ಕೊತ್ತಂಬರಿ ಸೊಪ್ಪು ಹಾಕಿದರೆ ಉಪ್ಪು ಕಡಿಮೆಯಾದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಕೆಲವು ವಾರಕ್ಕೆ ನಾಲಿಗೆ ಒಗ್ಗಿಕೊಳ್ಳುತ್ತದೆ.

‘ಲೋ ಸೋಡಿಯಂ’ ಉಪ್ಪಿನ ಬಗ್ಗೆ ಹುಷಾರು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಜೊತೆ ಅದೂ ಸೇರಿದರೆ ಪೊಟ್ಯಾಶಿಯಂ ಅಪಾಯದ ಮಟ್ಟಕ್ಕೆ ಏರಿ ಬಡಿತವೇ ಕೆಡಬಹುದು. ದಿನಾ ಎಳನೀರು ಕುಡಿಯುವ ಅಭ್ಯಾಸಕ್ಕೂ ಇದೇ ಮಾತು. ನೀರು ಎಷ್ಟು ಕುಡಿಯಬೇಕು ಅನ್ನುವುದನ್ನು ಮಾತ್ರ ಡಾಕ್ಟರ್ ಹೇಳಬೇಕು, ಎಲ್ಲರಿಗೂ ಮಿತಿ ಬೇಕಿಲ್ಲ.

ನಡಿಗೆ ನಿಲ್ಲಿಸಬೇಡಿ. ಏದುಸಿರು ಹಿಡಿತದಲ್ಲಿದ್ದರೆ ಮಾತಾಡುತ್ತಾ ನಡೆಯುವಷ್ಟು ವೇಗದಲ್ಲಿ, ಸಮತಟ್ಟಾದ ದಾರಿಯಲ್ಲಿ ಶುರು ಮಾಡಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿ. ಬೀಡಿ, ಸಿಗರೇಟು, ತಂಬಾಕು ಪೂರ್ತಿ ಬಿಡಬೇಕು.

ಹೆಜ್ಜೆ 9: ಖರ್ಚಿನ ದಾರಿ

ಡಾಪಾಗ್ಲಿಫ್ಲೋಜಿನ್, ಸ್ಯಾಕುಬಿಟ್ರಿಲ್-ವಲ್ಸಾರ್ಟಾನ್ ಎರಡಕ್ಕೂ ಈಗ ಭಾರತದ ಹಲವು ಕಂಪನಿಗಳ ಜನರಿಕ್ ಇವೆ, ಬೆಲೆ ಮೊದಲಿಗಿಂತ ತುಂಬಾ ಇಳಿದಿದೆ. ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗುವವರು ಬಿಪಿಎಲ್ ಕಾರ್ಡ್, ಆಧಾರ್, ಹಳೆಯ ವರದಿ ಎಲ್ಲ ಜೊತೆಗಿಡಿ. ಆಂಜಿಯೋಪ್ಲಾಸ್ಟಿಯಂಥ ಚಿಕಿತ್ಸೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಅನ್ವಯಿಸುತ್ತದಾ ಅಂತ ಅಡ್ಮಿಟ್ ಆಗುವ ಮೊದಲೇ ಕೇಳಬೇಕು, ಬಿಲ್ ಬಂದ ಮೇಲೆ ಅಲ್ಲ.

ಹೆಜ್ಜೆ 10: ಮತ್ತೆ ಎಕೋ, ಆಮೇಲಿನ ತೀರ್ಮಾನ

ವಾರ ವಾರ ಎಕೋ ಮಾಡಿಸಿ ಪ್ರಯೋಜನವಿಲ್ಲ. ಔಷಧ ಸರಿಯಾದ ಡೋಸಿಗೆ ಬಂದು ಕನಿಷ್ಠ ಮೂರು ತಿಂಗಳಾದ ಮೇಲೆ ಮಾಡಿಸುವುದು ರೂಢಿ. ಸಾಧ್ಯವಾದರೆ ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ. ಹಳೆಯ ವರದಿ ಜೊತೆಗಿರಲಿ.

ಆಗಲೂ ಶೇ 35 ಅಥವಾ ಕೆಳಗಿದ್ದರೆ ಐಸಿಡಿ ಮಾತು ಬರುತ್ತದೆ. ಅಪಾಯದ ಬಡಿತ ಶುರುವಾದರೆ ಶಾಕ್ ಕೊಟ್ಟು ಪ್ರಾಣ ಉಳಿಸುವ, ಎದೆಯ ಚರ್ಮದ ಕೆಳಗಿಡುವ ಸಾಧನ ಅದು. ಹೃದಯಾಘಾತವಾಗಿದ್ದರೆ ಕನಿಷ್ಠ 40 ದಿನ ಕಳೆದಿರಬೇಕು. ಇಸಿಜಿಯಲ್ಲಿ ಎಲ್‌ಬಿಬಿಬಿ (ಎಡ ಬದಿಗೆ ವಿದ್ಯುತ್ ಸಂಕೇತ ತಡವಾಗಿ ತಲುಪುವ ತೊಂದರೆ) ಇದ್ದು ಕ್ಯೂಆರ್‌ಎಸ್, ಅಂದರೆ ಆ ಸಂಕೇತ ಕೆಳಗಿನ ಕೋಣೆಗಳಲ್ಲಿ ಹರಡಲು ಹಿಡಿಯುವ ಹೊತ್ತು, 150 ಮಿಲಿ ಸೆಕೆಂಡ್ ದಾಟಿದ್ದರೆ ಸಿಆರ್‌ಟಿ ಎಂಬ ಪೇಸ್‌ಮೇಕರ್ ಎರಡೂ ಬದಿಯನ್ನು ಹೊಂದಿಸಿ ಬಡಿಸುತ್ತದೆ, ಪಂಪಿಂಗನ್ನೂ ಏರಿಸಬಲ್ಲದು. ಐಸಿಡಿ ಪಂಪಿಂಗ್ ಏರಿಸುವುದಿಲ್ಲ, ಹಠಾತ್ ಸಾವನ್ನು ತಡೆಯುತ್ತದೆ. ಎರಡರ ಕೆಲಸ ಬೇರೆ ಬೇರೆ, ಸಹಿ ಹಾಕುವ ಮೊದಲು ಯಾವುದು ಅಂತ ತಿಳಿದುಕೊಳ್ಳಿ.

ಪಂಪಿಂಗ್ 35ರಿಂದ 52ಕ್ಕೆ ಏರಿದರೆ? ತುಂಬಾ ಸಂತೋಷ. ಆದರೆ ಮಾತ್ರೆ ನಿಲ್ಲಿಸಬೇಡಿ. 2019ರಲ್ಲಿ ಪ್ರಕಟವಾದ ಟ್ರೆಡ್-ಎಚ್‌ಎಫ್ ಅಧ್ಯಯನ ಇದನ್ನೇ ಪರೀಕ್ಷಿಸಿತು. ಡೈಲೇಟೆಡ್ ಕಾರ್ಡಿಯೋಮಯೋಪತಿಯಿಂದ (ಹೃದಯ ಹಿಗ್ಗಿ ಸೋಲುವ ಸ್ನಾಯು ರೋಗ) ಚೇತರಿಸಿಕೊಂಡು ಆರಾಮಾಗಿದ್ದವರಲ್ಲಿ ಒಂದು ಗುಂಪಿಗೆ ನಿಧಾನವಾಗಿ ಔಷಧ ನಿಲ್ಲಿಸಿದರು. ಆರು ತಿಂಗಳೊಳಗೆ ಆ ಗುಂಪಿನ 25 ಜನರಲ್ಲಿ 11 ಜನರಿಗೆ ಕಾಯಿಲೆ ಮರುಕಳಿಸಿತು. ಔಷಧ ಮುಂದುವರಿಸಿದ ಗುಂಪಿನಲ್ಲಿ ಆ ಅವಧಿಯಲ್ಲಿ ಒಬ್ಬರಿಗೂ ಇಲ್ಲ. ಹೃದಯ ಏರಿದ್ದು ಆ ಮಾತ್ರೆಗಳ ಬಲದಿಂದ. ಯಾವುದನ್ನು ಕಡಿಮೆ ಮಾಡಬಹುದು ಅನ್ನುವುದನ್ನು ಡಾಕ್ಟರೇ ತೀರ್ಮಾನಿಸಲಿ.

ಬ್ಲಾಕ್ ಇಲ್ಲ, ಬಿಪಿ ಇಲ್ಲ, ಕುಡಿತ ಇಲ್ಲ, ಆದರೂ ಹೃದಯ ಹಿಗ್ಗಿ ಸೋತಿದೆ ಅಂದರೆ ವಂಶದ ಕಡೆ ತಿರುಗಿ ನೋಡಬೇಕು. ನಮ್ಮ ಉಪಖಂಡದವರಲ್ಲಿ ಸುಮಾರು ಶೇ 4 ಜನರಲ್ಲಿ ಎಂವೈಬಿಪಿಸಿ3 ಎಂಬ ಜೀನಿನ ಒಂದು ತುಣುಕು ಕಾಣೆಯಾಗಿರುತ್ತದೆ, ಅದಕ್ಕೂ ಹೃದಯದ ಸ್ನಾಯು ರೋಗಕ್ಕೂ ನಂಟಿದೆ ಅಂತ 2009ರಲ್ಲೇ ಪ್ರಕಟವಾಗಿದೆ. ಅದು ಇದ್ದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡವರು ಇದ್ದಾರಾ ಅಂತ ಹಿರಿಯರನ್ನು ಕೇಳಿ, ಡಾಕ್ಟರಿಗೆ ತಿಳಿಸಿ. ರೋಗಿಯ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಒಂದೊಂದು ಇಸಿಜಿ, ಒಂದೊಂದು ಎಕೋ ಮಾಡಿಸಿಕೊಳ್ಳಬೇಕು. ಎಕೋಗೆ ಸೂಜಿ ಇಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಹೋಗುವಾಗ ರೋಗಿಯ ವರದಿಯ ಜೆರಾಕ್ಸ್ ಕೊಂಡೊಯ್ದರೆ, ಎಕೋ ಮಾಡುವವರಿಗೆ ಏನನ್ನು ಗಮನವಿಟ್ಟು ನೋಡಬೇಕು ಅಂತ ಗೊತ್ತಾಗುತ್ತದೆ.